ಹದಿನಾರು ಚೌಕಗಳ ತಾಳ

ಶಿರಾ ಸೀಮೆಯ ತಾವರೆಕೆರೆಯಲ್ಲಿ, ಜಾತ್ರೆಯ ಇರುಳು ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಸ್ಪೀಕರುಗಳಿಂದ ಹೊರಟ, ಜನಪದ ಹಾಡಿಗೆ ಯಂತ್ರದ ತಾಳ ಕೂಡಿಸಿದ ಡಿಜೆ ನಾದವು ಎದೆಯ ಗೂಡನ್ನು ನಡುಗಿಸುವಾಗ, ಅದನ್ನು ಬರಿಯ ಗದ್ದಲವೆಂದು ತಳ್ಳಿಹಾಕುವ ಹಿರಿಯರ ಮಾತನ್ನು ನಾನು ಒಪ್ಪಲಾರೆನು. ಆ ನಾದದ ಹಿಂದೆ ಒಂದು ಲ್ಯಾಪ್‌ಟಾಪು, ಒಂದು ಹೆಡ್‌ಫೋನು, ನಿದ್ದೆಗೆಟ್ಟ ಹುಡುಗನೊಬ್ಬನ ತಪಸ್ಸು ಇವೆಯೆಂದು ಬಲ್ಲೆನು.

1997ರಲ್ಲಿ ಬೆಲ್ಜಿಯಮ್ಮಿನಲ್ಲಿ ಫ್ರೂಟಿಲೂಪ್ಸ್ ಎಂಬ ಹೆಸರಿನಿಂದ ಹುಟ್ಟಿ, ಇಂದು ಎಫ್‌ಎಲ್ ಸ್ಟುಡಿಯೋ ಎನಿಸಿಕೊಂಡಿರುವ ತಂತ್ರಾಂಶದ ಪರದೆಯಲ್ಲಿ, ಆವರ್ತವೊಂದನ್ನು ಹದಿನಾರು ಚೌಕಗಳಾಗಿ ಒಡೆದು, ಯಾವುದರಲ್ಲಿ ತಮಟೆಯ ಪೆಟ್ಟು, ಯಾವುದರಲ್ಲಿ ಮೌನ ಎಂದು ನಿರ್ಣಯಿಸುವುದು ತಾಳಜ್ಞಾನವಲ್ಲದೆ ಮತ್ತೇನು? ಜನಪದ ಗಾಯಕನು ಉತ್ಸಾಹದಲ್ಲಿ ಲಯವನ್ನು ಕೊಂಚ ಮುಂದಕ್ಕೆಳೆದಿರುತ್ತಾನೆ. ಯಂತ್ರದ ತಾಳವಾದರೋ ಕದಲದು. ಇವೆರಡನ್ನು ಹೊಂದಿಸಲು ದನಿಯನ್ನು ತುಂಡರಿಸಿ, ಶ್ರುತಿ ಕೆಡದಂತೆ ಹಿಗ್ಗಿಸಿ ಕುಗ್ಗಿಸಿ ಕೂಡಿಸಬೇಕು. ಡೋಲು ಗುಡುಗುವ ಕ್ಷಣಕ್ಕೆ ಬೇಸ್ ಎಂಬ ಮಂದ್ರನಾದವನ್ನು ತುಸು ತಗ್ಗಿಸದಿದ್ದರೆ ಎರಡೂ ಕಲಸಿ ಮಸುಕಾಗುತ್ತವೆ. ಇದನ್ನು ಈ ಹುಡುಗರಿಗೆ ಕಲಿಸಿದ ಗುರು ಕಿವಿಯೊಂದೇ.

ನಮ್ಮ ಸಂಗೀತವನ್ನು ಯಂತ್ರದ ತಾಳಕ್ಕೆ ಹೊಂದಿಸುವುದು ಹೊಸದೇನಲ್ಲ. 1982ರಲ್ಲಿ ಮುಂಬಯಿಯ ಸಂಗೀತಗಾರ ಚರಣ್‌ಜಿತ್ ಸಿಂಗರು ಹತ್ತು ರಾಗಗಳನ್ನು ರೋಲ್ಯಾಂಡ್ ಕಂಪನಿಯ ವಿದ್ಯುನ್ಮಾನ ವಾದ್ಯಯಂತ್ರಗಳ ಡಿಸ್ಕೋ ತಾಳಕ್ಕೆ ಕೂಡಿಸಿದಾಗ ಕೇಳುವವರು ವಿರಳರಾಗಿದ್ದರು. 2010ರಲ್ಲಿ ಆ ಧ್ವನಿಮುದ್ರಿಕೆ ಮರಳಿ ಹೊರಬಂದ ಮೇಲಷ್ಟೇ ಜಗತ್ತು ಕಿವಿಗೊಟ್ಟಿತು. ಈ ಹುಡುಗರ ಹಾಡಾದರೋ ಬೆಳಗಾಗುವುದರೊಳಗೆ ಯೂಟ್ಯೂಬನ್ನೇರಿ, ವಚನದ ಕೊನೆಯ ಅಂಕಿತವನ್ನು ಮೊದಲಿಗೇ ತಂದಿರಿಸಿದಂತೆ, ಕರ್ತೃವಿನ ಹೆಸರನ್ನೂ ಊರನ್ನೂ ಕೂಗಿ ಹೇಳುತ್ತದೆ. ಆ ಕೂಗಿನಲ್ಲಿ ನನಗೆ ಕೇಳುವುದು ಅಹಂಕಾರವಲ್ಲ, ಆತ್ಮಗೌರವ.

ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪನ ಕಾವ್ಯಕ್ಕೆ ಜೊತೆಯಾಗುವ, ಗಣೆ ಎಂಬ ಬಿದಿರಿನ ಕೊಳಲು ಇದೇ ಸೀಮೆಯದು. ಹಾಡುವವರ ಅನುಮತಿ ಪಡೆದು, ಅವರ ಹೆಸರನ್ನೂ ನಮೂದಿಸಿ, ಆ ಉಸಿರುತುಂಬಿದ ನಾದವನ್ನು ಯಾರಾದರೂ ಈ ಚೌಕಗಳ ನಡುವೆ ಕೂರಿಸಿದರೆ, ಕೇಳಲು ನಾನು ಮೊದಲಿಗನಾಗಿ ನಿಂತಿರುವೆನು.