ಶಾಸನ ಸಂಪುಟವೂ ದತ್ತಾಂಶವೇ. ಎಣಿಸುವ ಮುನ್ನ ನಾಲ್ಕು ಮಾತು

ದತ್ತಾಂಶ ವಿಶ್ಲೇಷಣೆ ಕಲಿಯಲು ಹೊರಟವರ ಕೈಗೆ ಮೊದಲು ಸಿಗೋದು ಟೈಟಾನಿಕ್ ಪ್ರಯಾಣಿಕರ ಪಟ್ಟಿ, ಇಲ್ಲವೇ ಫಿಷರ್ 1936ರಲ್ಲಿ ಬಳಸಿದ 150 ಐರಿಸ್ ಹೂಗಳ ಅಳತೆ. ಎರಡೂ ಉಚಿತ, ಎರಡೂ ಅಚ್ಚುಕಟ್ಟು. ಆದರೆ ಕೆ.ಆರ್.ಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿ ಕೂತು ಕಲಿಯುವವರಿಗೆ ಸುತ್ತಲಿನ ಊರುಗಳದ್ದೇ ಆದ, ಕಾಸು ಕೇಳದ ಭಂಡಾರ ಒಂದಿದೆ: ಎಪಿಗ್ರಾಫಿಯ ಕರ್ನಾಟಿಕ. ಬಿ.ಎಲ್. ರೈಸ್ ಅವರ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಶ್ರೀರಂಗಪಟ್ಟಣದ ಶಾಸನಗಳು 1894ರ ಮೂರನೆಯ ಸಂಪುಟದಲ್ಲಿ, ಕೃಷ್ಣರಾಜಪೇಟೆ ಮತ್ತು ನಾಗಮಂಗಲದವು 1898ರ ನಾಲ್ಕನೆಯದರಲ್ಲಿ ಇವೆ.

ಅಭ್ಯಾಸಕ್ಕೆ ಇದನ್ನೇ ಬಳಸಿ ಅಂತ ನಾನೂ ಹೇಳುತ್ತೇನೆ. ನನ್ನ ತಕರಾರು ಬಳಸುವ ರೀತಿಯ ಬಗ್ಗೆ. ಸಂಪುಟದ ಪಟ್ಟಿಯನ್ನು ಹಾಗೇ ಎಕ್ಸೆಲ್‌ಗೆ ಸುರಿದು, ನಕ್ಷೆ ಎಳೆದು, ಇಂಥ ತಾಲ್ಲೂಕಿಗೆ ಇತಿಹಾಸ ಹೆಚ್ಚು, ಇಂಥದ್ದಕ್ಕೆ ಕಡಿಮೆ ಅಂದುಬಿಡೋದು ಸರಿಯಲ್ಲ.

ಮೊದಲು ತಾಲ್ಲೂಕಿನ ಕಾಲಂ ನೋಡಿ. ರೈಸ್ ಅವರ ಸಂಪುಟದಲ್ಲಿ ಪಾಂಡವಪುರ ಅನ್ನೋ ತಾಲ್ಲೂಕೇ ಇಲ್ಲ. ಮೇಲುಕೋಟೆ, ತೊಣ್ಣೂರು ಶ್ರೀರಂಗಪಟ್ಟಣದ ಲೆಕ್ಕದಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಆರನೆಯ ಸಂಪುಟದಲ್ಲಿ (1977) ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಬೇರೆಬೇರೆಯಾಗಿವೆ. ಎರಡನ್ನೂ ಬೆರೆಸಿದರೆ ಒಂದೇ ಕಲ್ಲು ಎರಡು ಸಲ ಎಣಿಕೆಯಾದೀತು. ಬರೀ 'ಸಂಪುಟ 6' ಅಂತ ಬರೆದರೂ ಸಾಲದು: ಹಳೆಯ ಮಾಲೆಯ ಆರನೆಯದು ಕಡೂರು ಜಿಲ್ಲೆಯದು.

ಎರಡನೆಯದು ಕಾಲ. ಮದ್ದೂರು ತಾಲ್ಲೂಕಿನ ಆತಕೂರು ಶಾಸನದಲ್ಲಿ ಶಕ 872, ಸೌಮ್ಯ ಸಂವತ್ಸರ ಅಂತಿದೆ. ಕಣ್ಣುಮುಚ್ಚಿ 78 ಕೂಡಿಸಿದರೆ 950-51 ಬರುತ್ತದೆ. ಆದರೆ ಸೌಮ್ಯ ಬಿದ್ದದ್ದು 949-50ರಲ್ಲಿ. ಅಂದರೆ ಇಲ್ಲಿ ಎಣಿಸಿರೋದು ನಡೆಯುತ್ತಿದ್ದ ವರ್ಷವನ್ನು, ಕಳೆದ ವರ್ಷವನ್ನಲ್ಲ. ಹಾಗಾಗಿ ಶಕವರ್ಷ, ಸಂವತ್ಸರ, ಕ್ರಿಸ್ತಶಕ ಮೂರಕ್ಕೂ ಬೇರೆ ಬೇರೆ ಕಾಲಂ ಬೇಕು. ಕಲ್ಲು ಹೇಳಿದ್ದು ಒಂದು ಕಡೆ, ನಮ್ಮ ಲೆಕ್ಕ ಇನ್ನೊಂದು ಕಡೆ ಇರಲಿ.

ಮೂರನೆಯದು ಜಾಗ. ಅದೇ ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಿಕ್ಕ ಊರು, ಈಗಿರುವ ಊರು ಎರಡನ್ನೂ ಬರೆಯದಿದ್ದರೆ ನಕ್ಷೆ ಸುಳ್ಳು ಹೇಳುತ್ತೆ. ಊರ ಹೆಸರೂ ಒಂದೇ ಥರ ಇರೋಲ್ಲ. ಹಳೆಯ 'ಪಳ್ಳಿ' ಎಲ್ಲೋ 'ಹಳ್ಳಿ', ಎಲ್ಲೋ 'ವಳ್ಳಿ' ಆಗಿರುತ್ತದೆ. ಜನಗಣತಿಯ ಗ್ರಾಮ ಸಂಖ್ಯೆ ಸೇರಿಸಿಟ್ಟರೆ ಈ ಗೊಂದಲ ತಪ್ಪುತ್ತದೆ. ಆ ಪಟ್ಟಿಯೂ ಉಚಿತವೇ.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು: ಪಟ್ಟಿಯಲ್ಲಿ ಸಾಲಿಲ್ಲ ಅಂದರೆ ಊರಲ್ಲಿ ಶಾಸನವಿಲ್ಲ ಅಂತಲ್ಲ. ಸಮೀಕ್ಷೆ ಮಾಡಿದವರ ಕಣ್ಣಿಗೆ ಬಿದ್ದದ್ದು ಮಾತ್ರ ಸಂಪುಟ ಸೇರಿದೆ. ರೈಸ್ ನಂತರ ಸಿಕ್ಕಿದ್ದೆಷ್ಟೋ ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿವೆ. ಸೊನ್ನೆ ಅಂತ ತುಂಬಿದ ಊರಿನ ಹೊಲದ ಬದುವಿನಲ್ಲಿ ವೀರಗಲ್ಲು ನಿಂತಿರಬಹುದು. 'ಇಲ್ಲಿ ಏನೂ ಇಲ್ಲ' ಅಂತ ನಕ್ಷೆ ಹೇಳಿದ ಮೇಲೆ ಅದನ್ನು ಕಾಯುವವರು ಯಾರು? ಅಂಥ ಕೋಣೆಯಲ್ಲಿ ಸೊನ್ನೆ ಹಾಕಬೇಡಿ, ಖಾಲಿ ಬಿಡಿ.

ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಸಾರ್ವಜನಿಕರಿಗೆ ತೆರೆದಿಡುತ್ತಿದೆ. ಓದು ಸರಿಯೋ ಅಂತ ಯಾರು ಬೇಕಾದರೂ ಅಕ್ಷರವನ್ನೇ ನೋಡಿ ಪರೀಕ್ಷಿಸಬಹುದು. ಮಂಡ್ಯ ಜಿಲ್ಲೆಗೂ ಅಂಥದ್ದು ಬೇಕು. ಅಲ್ಲಿಯವರೆಗೆ ನಿಮ್ಮ ತಾಲ್ಲೂಕಿನ ಇಪ್ಪತ್ತು ಶಾಸನ ಆರಿಸಿ, ಮೂಲಪಾಠ ಓದಿ, ಕೈಯಾರೆ ಪಟ್ಟಿ ಮಾಡಿ. ಚಾರ್ಟು ಆಮೇಲೆ ಎಳೆಯಬಹುದು.