ಅಭ್ಯರ್ಥಿಯ ವಾಕ್ಯದಲ್ಲಿ ರೋಗಿ ಎಲ್ಲಿ?

ಇಂಗ್ಲಿಷಿನಲ್ಲಿ 'ಡ್ರಗ್' ಎಂಬ ಒಂದೇ ಪದ ಔಷಧಿಗೂ ಅಮಲು ಪದಾರ್ಥಕ್ಕೂ ಸಲ್ಲುತ್ತದೆ. ಉರ್ದುವಿನಲ್ಲಿ ದವಾ ಬೇರೆ, ನಶಾ ಬೇರೆ. ಗಾಂಜಾ ಚಿಕಿತ್ಸೆಯ ಕುರಿತು ಅಮೆರಿಕದ ರಾಜಕಾರಣಿಗಳು ಆಡಿರುವ ಮಾತುಗಳನ್ನು ಓದುವಾಗ ಈ ಭೇದ ನಮಗೆ ಪದೇ ಪದೇ ನೆನಪಾಗುತ್ತದೆ.

1996ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು, ವೈದ್ಯರ ಶಿಫಾರಸಿದ್ದರೆ ರೋಗಿಗಳು ಗಾಂಜಾ ಬಳಸಬಹುದೆಂದು ತೀರ್ಮಾನಿಸಿದರು. ಕ್ಯಾನ್ಸರ್ ಚಿಕಿತ್ಸೆಯಿಂದ ವಾಂತಿಯಾಗುವವರು, ಹಸಿವು ಸತ್ತ ಏಡ್ಸ್ ರೋಗಿಗಳು ಅವರ ಕಣ್ಣಮುಂದಿದ್ದರು. ಆದರೆ 1970ರ ಕೇಂದ್ರ ಕಾಯ್ದೆ ಗಾಂಜಾವನ್ನು ಹೆರಾಯಿನ್ ಜೊತೆ ಒಂದೇ ಪಟ್ಟಿಯಲ್ಲಿಟ್ಟಿತ್ತು. ರಾಜ್ಯದ ಅನುಮತಿಯಿದ್ದರೂ ಕೇಂದ್ರ ಕ್ರಮ ಕೈಗೊಳ್ಳಬಹುದೆಂದು 2005ರಲ್ಲಿ ಸುಪ್ರೀಂ ಕೋರ್ಟು 6-3ರ ಬಹುಮತದಿಂದ ಹೇಳಿತು. ಹೀಗಾಗಿ ಅಧ್ಯಕ್ಷ ಪದವಿಗೆ ನಿಂತವರು ಏನು ಹೇಳುತ್ತಾರೆಂಬುದು ಹಾಸಿಗೆ ಹಿಡಿದವರಿಗೆ ಬರಿಯ ಮಾತಾಗಿರಲಿಲ್ಲ.

ನ್ಯೂಟ್ ಗಿಂಗ್ರಿಚ್ 1982ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಗೆ ಪತ್ರ ಬರೆದು ಗಾಂಜಾ ಚಿಕಿತ್ಸೆಯನ್ನು ಬೆಂಬಲಿಸಿದ್ದರು. ಅದೇ ಗಿಂಗ್ರಿಚ್ 1996ರಲ್ಲಿ, ಮಾದಕ ವಸ್ತುಗಳನ್ನು ದೇಶದೊಳಗೆ ತರುವವರಿಗೆ ಮರಣದಂಡನೆಯವರೆಗೂ ಶಿಕ್ಷೆ ಕೊಡುವ ಮಸೂದೆ ಮಂಡಿಸಿದರು. ಗಾಂಜಾವೂ ಅದರ ವ್ಯಾಪ್ತಿಯಲ್ಲಿತ್ತು. ಮನುಷ್ಯ ನಿಲುವು ಬದಲಿಸುವುದು ತಪ್ಪಲ್ಲ. ಆದರೆ ಕತೆಯಲ್ಲಿ ಪಾತ್ರವೊಂದು ಹೀಗೆ ತಿರುಗಿಬಿದ್ದರೆ ಓದುಗರು ನಮ್ಮನ್ನು ಕಾರಣ ಕೇಳದೆ ಬಿಡುವುದಿಲ್ಲ. ರಾಜಕಾರಣಿಗಳಿಗೆ ಈ ಕಾಟವಿಲ್ಲ.

1999ರಲ್ಲಿ ಅಭ್ಯರ್ಥಿ ಜಾರ್ಜ್ ಬುಷ್ ಈ ವಿಷಯವನ್ನು ರಾಜ್ಯಗಳೇ ನಿರ್ಧರಿಸಲಿ ಎಂದರು. ಅವರು ಅಧ್ಯಕ್ಷರಾದ ಮೇಲೆ, 2002ರ ಸೆಪ್ಟೆಂಬರಿನಲ್ಲಿ, ಕೇಂದ್ರದ ಅಧಿಕಾರಿಗಳು ಸಾಂತಾಕ್ರೂಜ್‌ನಲ್ಲಿ ರೋಗಿಗಳೇ ಕೂಡಿ ಬೆಳೆಸಿಕೊಂಡಿದ್ದ ಗಿಡಗಳನ್ನು ಕಿತ್ತೊಯ್ದರು. ಅದೇ ತಿಂಗಳು ರೋಗಿಗಳಿಗೆ ನಗರಸಭೆಯ ಅಂಗಳದಲ್ಲೇ, ಊರಿನ ಮುಖಂಡರ ಸಮ್ಮುಖದಲ್ಲಿ, ಬಹಿರಂಗವಾಗಿ ಗಾಂಜಾ ಹಂಚಲಾಯಿತು.

ಬರಾಕ್ ಒಬಾಮಾ ಅವರ ಮಾತುಗಳು ಇನ್ನೂ ನಯವಾದವು. ರಾಜ್ಯಗಳ ಕಾನೂನನ್ನು ತಪ್ಪಿಸಲು ನ್ಯಾಯ ಇಲಾಖೆಯ ಸಂಪನ್ಮೂಲ ಬಳಸುವುದಿಲ್ಲವೆಂದು 2008ರ ಪ್ರಚಾರದಲ್ಲಿ ಹೇಳಿದರು. 2009ರಲ್ಲಿ ಇಲಾಖೆಯೂ ಅದೇ ಧಾಟಿಯ ಸೂಚನೆ ಹೊರಡಿಸಿತು. 2011ರಲ್ಲಿ ಕ್ಯಾಲಿಫೋರ್ನಿಯಾದ ನಾಲ್ವರು ಕೇಂದ್ರ ಅಭಿಯೋಜಕರು ಗಾಂಜಾ ಮಳಿಗೆಗಳ ಮೇಲೆ ಕ್ರಮ ಘೋಷಿಸಿದರು. ತಾನು ಹೇಳಿದ್ದು ಬಳಸುವ ರೋಗಿಗಳ ಬಗ್ಗೆ, ದೊಡ್ಡ ಪ್ರಮಾಣದ ಬೆಳೆಗಾರರಿಗೆ ಮಾತು ಕೊಟ್ಟಿರಲಿಲ್ಲ ಎಂದು 2012ರಲ್ಲಿ ಒಬಾಮಾ ವಿವರಿಸಿದರು. ಪದಗಳನ್ನು ಬಿಡಿಸಿ ನೋಡಿದರೆ ಇದು ಸುಳ್ಳಲ್ಲ. ಆದರೆ ಎದ್ದು ನಿಲ್ಲಲಾಗದ ಕ್ಯಾನ್ಸರ್ ರೋಗಿ ಮಳಿಗೆ ಮುಚ್ಚಿದ ಮೇಲೆ ಔಷಧಿಗೆ ಎಲ್ಲಿಗೆ ಹೋಗಬೇಕು? 'ಸಂಪನ್ಮೂಲ', 'ರಾಜ್ಯ', 'ಆದ್ಯತೆ' ಎಲ್ಲವೂ ಇರುವ ಆ ವಾಕ್ಯಗಳಲ್ಲಿ ಈ ಪ್ರಶ್ನೆಗೆ ಮಾತ್ರ ಜಾಗವಿಲ್ಲ.

ಇವರೆದುರು 2007ರ ಮಿಟ್ ರೋಮ್ನಿ ನಮಗೆ ವಿಚಿತ್ರವಾಗಿ ಕಾಣುತ್ತಾರೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಗಾಲಿಕುರ್ಚಿಯಲ್ಲಿದ್ದ ರೋಗಿಯೊಬ್ಬರು, ಈ ಔಷಧಿ ತೆಗೆದುಕೊಂಡರೆ ತಮ್ಮನ್ನು ಬಂಧಿಸುವಿರಾ ಎಂದು ಕೇಳಿದರು. ಗಾಂಜಾ ಚಿಕಿತ್ಸೆಗೆ ತನ್ನ ಒಪ್ಪಿಗೆಯಿಲ್ಲವೆಂದ ರೋಮ್ನಿ ಬೇರೆಯವರ ಕೈಕುಲುಕಲು ತಿರುಗಿದರು. ಅದು ಕಠೋರ ನಡವಳಿಕೆಯೇ ಸರಿ. ಆದರೂ ಆ ರೋಗಿಗೆ ತಾನು ಎಲ್ಲಿ ನಿಂತಿದ್ದೇನೆಂಬುದು ಆ ಕ್ಷಣವೇ ತಿಳಿಯಿತು. ಸಿಹಿ ಮಾತು ನಂಬಿ ಮತ ಹಾಕಿದವರಿಗೆ ಅದು ತಿಳಿಯಲು ಮೂರು ನಾಲ್ಕು ವರ್ಷ ಬೇಕಾಯಿತು.

2014ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸು, ರಾಜ್ಯಗಳ ಗಾಂಜಾ ಚಿಕಿತ್ಸಾ ಕಾನೂನಿಗೆ ಅಡ್ಡಿಪಡಿಸಲು ನ್ಯಾಯ ಇಲಾಖೆ ಹಣ ಖರ್ಚು ಮಾಡಬಾರದೆಂಬ ಷರತ್ತನ್ನು ಅನುದಾನದ ಮಸೂದೆಗೆ ಸೇರಿಸಿತು. ಅದು ಶಾಶ್ವತ ಕಾನೂನಲ್ಲ. ಅನುದಾನದ ಅವಧಿ ಮುಗಿದಾಗಲೆಲ್ಲ ಮತ್ತೆ ಸೇರಿಸಬೇಕು.