ಬೆಳಕಿನ ಕಟ್ಟಡ, ಕತ್ತಲೆಯ ಹಣ

2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸ್ಕೈ ಅಟ್ಲಾಂಟಿಕ್ ವಾಹಿನಿಯಲ್ಲಿ ಆರಂಭವಾದ ‘ಗ್ಯಾಂಗ್ಸ್ ಆಫ್ ಲಂಡನ್’ ಧಾರಾವಾಹಿಯ ಕೇಂದ್ರದಲ್ಲಿ ಎರಡು ಮನೆತನಗಳಿವೆ. ಐರಿಷ್ ಮೂಲದ ವ್ಯಾಲೇಸರು ಮತ್ತು ಆಫ್ರಿಕನ್ ಮೂಲದ ಡುಮಾನಿಗಳು ಜೊತೆಯಾಗಿ ಕಟ್ಟಿದ ಪಾತಕ ಸಾಮ್ರಾಜ್ಯವು ಯಜಮಾನ ಫಿನ್ ವ್ಯಾಲೇಸ್‌ನ ಕೊಲೆಯಿಂದ ಬಿರುಕು ಬಿಡುತ್ತದೆ. ಕೊಲೆಗಾರ ಸಿಗುವವರೆಗೆ ವ್ಯವಹಾರವೇ ಬೇಡವೆನ್ನುತ್ತಾನೆ ಮಗ ಶಾನ್. ಅಲ್ಲಿಂದ ರಕ್ತದ ಹೊಳೆ.

ನಿರ್ದೇಶಕ ಗ್ಯಾರೆತ್ ಇವಾನ್ಸ್ ಹೊಡೆದಾಟ ಚಿತ್ರಿಸುವುದರಲ್ಲಿ ನಿಪುಣರು. ಆದರೆ ಈ ಧಾರಾವಾಹಿಯ ನಿಜವಾದ ಶಕ್ತಿ ಇರುವುದು ಬೇರೆಡೆ. ಹೆರಾಯಿನ್ ಮಾರಿ ಗಳಿಸಿದ ಹಣ ಇಲ್ಲಿ ಗಾಜಿನ ಗೋಪುರಗಳಾಗಿ ಎದ್ದು ನಿಲ್ಲುತ್ತದೆ. ಚೂರಿ ಹಿಡಿದವನು ಬೀದಿಯಲ್ಲಿ ಸಾಯುತ್ತಾನೆ, ಹಣ ಹೂಡಿದವನ ಕೋಟಿಗೆ ಕಲೆಯೂ ತಾಗುವುದಿಲ್ಲ. ಈ ಸತ್ಯವನ್ನು ಹೇಳಿದ್ದಕ್ಕೆ ಮೆಚ್ಚಲೇಬೇಕು.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಅಲ್ಬೇನಿಯನ್, ಕುರ್ದ್, ಪಾಕಿಸ್ತಾನಿ ಎಂದು ಇಲ್ಲಿ ಪ್ರತಿ ಜನಾಂಗಕ್ಕೂ ಒಂದೊಂದು ಗ್ಯಾಂಗ್. ಮಾದಕ ವ್ಯಾಪಾರಿ ಆಸಿಫ್‌ನ ಮಗ ಲಂಡನ್ ಮೇಯರ್ ಹುದ್ದೆಯ ಆಕಾಂಕ್ಷಿ. ವಾಸ್ತವದಲ್ಲಿ 2016ರಲ್ಲಿ ಆ ಹುದ್ದೆಗೇರಿದ ಸಾದಿಕ್ ಖಾನ್ ಪಾಕಿಸ್ತಾನ ಮೂಲದ ಬಸ್ ಚಾಲಕರೊಬ್ಬರ ಮಗ. ಕಥೆಗಾರರಿಗೆ ಕಲ್ಪನೆಯ ಸ್ವಾತಂತ್ರ್ಯವಿದೆ, ನಿಜ. ವ್ಯಾಲೇಸರೂ ಸಾಧುಗಳೇನಲ್ಲ. ಆದರೂ ಬಸ್ಸು ಓಡಿಸುವ, ಆಸ್ಪತ್ರೆಯಲ್ಲಿ ದುಡಿಯುವ ವಲಸಿಗ ಈ ಲಂಡನ್ನಿನಲ್ಲಿ ಎದ್ದು ಕಾಣುವುದಿಲ್ಲ. ಪಾತಕಿಗಳಷ್ಟೇ ಕಂಡರೆ, ದೂರದ ವೀಕ್ಷಕ ಅವರನ್ನೇ ಇಡೀ ಸಮುದಾಯವೆಂದು ಭಾವಿಸಿಯಾನು.

ನೋಡಿ, ಆದರೆ ತೆರೆಯ ಮೇಲೆ ಯಾರಿಲ್ಲ ಎಂಬುದನ್ನೂ ಗಮನಿಸಿ.